‘ಇದಕ್ಕೆ ಔಷಧಿಯಿಲ್ಲ’ ಎಂದು ಕಳುಹಿಸಿದಾಗ: ಹರ್ಪಿಸ್ ಇರುವವರಿಗೊಂದು ಮಾರ್ಗದರ್ಶಿ

ಜನನಾಂಗದ ಹರ್ಪಿಸ್ ಇರುವವರು ವೈದ್ಯರ ಕೊಠಡಿಯಲ್ಲಿ ಬಹಳ ಸಲ ಕೇಳಿಸಿಕೊಳ್ಳುವುದು ಒಂದೇ ಮಾತು: ‘ಇದಕ್ಕೆ ಔಷಧಿಯಿಲ್ಲ, ಬರುತ್ತದೆ, ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.’ ಹೇಳುವವರು ಸಮಾಧಾನಕ್ಕೆಂದೇ ಹೇಳಿರಬಹುದು, ಆದರೆ ನೋವಿನಿಂದ ಕೂರಲಾಗದೆ, ಮನೆಯಲ್ಲಿ ಯಾರಿಗೂ ಹೇಳಲಾಗದೆ, ಧೈರ್ಯ ಮಾಡಿ ಬಂದವರಿಗೆ ಅದು ‘ನಿಮ್ಮ ತೊಂದರೆ ನೋಡುವಂಥದ್ದಲ್ಲ’ ಎಂದಂತೆಯೇ ಕೇಳಿಸುತ್ತದೆ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. ವೈರಾಣುವನ್ನು ದೇಹದಿಂದ ಪೂರ್ತಿಯಾಗಿ ಹೊರಹಾಕುವ ಔಷಧಿ ಇಂದಿಗೂ ಇಲ್ಲ. ಆದರೆ ಹುಣ್ಣು ಬೇಗ ಮಾಯುವಂತೆ ಮಾಡುವ, ಮತ್ತೆ ಮತ್ತೆ ಮರುಕಳಿಸುವುದನ್ನು ಬಹುಮಟ್ಟಿಗೆ ತಡೆಯುವ, ಸಂಗಾತಿಗೆ ಹರಡುವ ಸಾಧ್ಯತೆಯನ್ನು ಇಳಿಸುವ ಮಾತ್ರೆಗಳು ಖಂಡಿತ ಇವೆ. ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಸಂಪೂರ್ಣ ವಾಸಿಯಾಗುವುದಿಲ್ಲ, ಹಾಗೆಂದು ಅವುಗಳಿಗೆ ಔಷಧಿಯಿಲ್ಲವೆಂದು ಯಾವ ವೈದ್ಯರೂ ರೋಗಿಯನ್ನು ವಾಪಸು ಕಳುಹಿಸುವುದಿಲ್ಲ.

ನಾನೂ ಈ ಸೋಂಕಿನೊಂದಿಗೆ ಬದುಕುತ್ತಿರುವ ವ್ಯಕ್ತಿ. ಮೊದಲು ನೋಡಿದ ವೈದ್ಯರು ತಲೆಯೆತ್ತದೆಯೇ ಮುಲಾಮಿನ ಹೆಸರು ಬರೆದುಕೊಟ್ಟಿದ್ದರು. ಆ ಮುಲಾಮಿನಿಂದ ಏನೂ ಪ್ರಯೋಜನವಾಗದು ಎಂದು ನನಗೆ ತಿಳಿದದ್ದು ಬಹಳ ಕಾಲದ ನಂತರ. ವೈದ್ಯರ ಸ್ವಭಾವವನ್ನು ರೋಗಿ ಬದಲಿಸಲಾರ, ಆದರೆ ಸರಿಯಾದ ವೈದ್ಯರನ್ನು ಆರಿಸಿಕೊಂಡು, ಸರಿಯಾದ ದಿನ ಹೋಗಿ, ಬೇಕಾದದ್ದನ್ನು ಹೆಸರಿಟ್ಟು ಕೇಳಿದರೆ ಐದೇ ನಿಮಿಷದ ಭೇಟಿಯಲ್ಲೂ ಉಪಯುಕ್ತವಾದದ್ದನ್ನು ಪಡೆಯಬಹುದು. ಈ ಲೇಖನ ಅದಕ್ಕಾಗಿ.

ಮೊದಲು ರೋಗದ ಬಗ್ಗೆ ತಿಳಿದಿರಬೇಕಾದದ್ದು

ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವಿನಲ್ಲಿ ಎರಡು ಬಗೆಗಳಿವೆ. ಎಚ್‌ಎಸ್‌ವಿ-1 ಹೆಚ್ಚಾಗಿ ತುಟಿಯ ಮೇಲೆ ಜ್ವರದ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ, ಎಚ್‌ಎಸ್‌ವಿ-2 ಹೆಚ್ಚಾಗಿ ಜನನಾಂಗದ ಸುತ್ತ ಬರುತ್ತದೆ. ಆದರೆ ಬಾಯಿಯ ಸಂಪರ್ಕದಿಂದ ಎಚ್‌ಎಸ್‌ವಿ-1 ಕೂಡ ಜನನಾಂಗಕ್ಕೆ ತಗಲಬಹುದು, ಹಾಗೆ ತಗಲಿದಾಗ ಅದು ಮರುಕಳಿಸುವುದು ಎಚ್‌ಎಸ್‌ವಿ-2ಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಎಚ್‌ಎಸ್‌ವಿ-1 ಇದೆ, 15ರಿಂದ 49 ವರ್ಷದೊಳಗಿನ ಸುಮಾರು 52 ಕೋಟಿ ಜನರಲ್ಲಿ ಎಚ್‌ಎಸ್‌ವಿ-2 ಇದೆ. ಇವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿರುವುದೇ ಗೊತ್ತಿಲ್ಲ, ಏಕೆಂದರೆ ಲಕ್ಷಣಗಳು ಕಾಣಿಸಿಕೊಳ್ಳದೆಯೂ ಇರಬಹುದು, ಕಾಣಿಸಿದರೂ ತೀರಾ ಸೌಮ್ಯವಾಗಿರಬಹುದು. ವೈರಾಣು ನರಗಳ ಬುಡದಲ್ಲಿ ಅಡಗಿಕೊಂಡು, ದೇಹ ದಣಿದಾಗಲೋ ಜ್ವರ ಬಂದಾಗಲೋ ಮುಟ್ಟಿನ ಸಮಯದಲ್ಲೋ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆಯೋ, ಅದೇ ನರದ ಹಾದಿಯಲ್ಲಿ ಚರ್ಮಕ್ಕೆ ಮರಳುತ್ತದೆ. ಹಾಗಾಗಿಯೇ ಗುಳ್ಳೆಗಳು ಸಾಮಾನ್ಯವಾಗಿ ಅದೇ ಜಾಗದ ಆಸುಪಾಸಿನಲ್ಲೇ ಏಳುತ್ತವೆ.

ನಮ್ಮಲ್ಲಿ ಎರಡು ಗೊಂದಲಗಳು ಚಿಕಿತ್ಸೆಯನ್ನು ತಡಮಾಡುತ್ತವೆ. ಒಂದು, ಸರ್ಪಸುತ್ತಿನೊಂದಿಗೆ ಇದನ್ನು ಬೆರೆಸುವುದು. ಸರ್ಪಸುತ್ತಿಗೂ ವೈದ್ಯಕೀಯ ಹೆಸರಿನಲ್ಲಿ ಹರ್ಪಿಸ್ ಎಂಬ ಪದವಿದೆ, ಆದರೆ ಅದು ಸೀತಾಳೆ ಸಿಡುಬಿನ ವೈರಾಣುವಿನಿಂದ ಬರುವ ಬೇರೆಯೇ ಕಾಯಿಲೆ, ಲೈಂಗಿಕ ಸಂಪರ್ಕದಿಂದ ಬರುವಂಥದ್ದೂ ಅಲ್ಲ. ಇನ್ನೊಂದು, ಎಲ್ಲವನ್ನೂ ‘ಉಷ್ಣ’ದ ಲೆಕ್ಕಕ್ಕೆ ಸೇರಿಸುವುದು. ಎಳನೀರು, ಮಜ್ಜಿಗೆ, ಮೆಂತ್ಯದ ನೀರು ಕುಡಿಯುವುದರಿಂದ ಹಾನಿಯಿಲ್ಲ, ಆದರೆ ಅವುಗಳಿಂದಲೇ ಗುಳ್ಳೆ ಇಳಿಯಿತೆಂದು ನಂಬುವುದು ತಪ್ಪು. ಹರ್ಪಿಸ್ ಗುಳ್ಳೆಗಳು ಔಷಧಿಯಿಲ್ಲದೆಯೂ ಕೆಲವು ದಿನಗಳಲ್ಲಿ ಒಣಗಿ ಮಾಯುತ್ತವೆ, ಆ ಯಶಸ್ಸು ಆಗ ಕುಡಿಯುತ್ತಿದ್ದ ಮನೆಮದ್ದಿನ ಪಾಲಾಗುತ್ತದೆ.

ಯಾರ ಬಳಿ ಹೋಗಬೇಕು

ನಮ್ಮ ದೇಶದಲ್ಲಿ ಚರ್ಮರೋಗ ತಜ್ಞರ ಸ್ನಾತಕೋತ್ತರ ಪದವಿಯಲ್ಲೇ ಲೈಂಗಿಕ ರೋಗಗಳ ತರಬೇತಿಯೂ ಸೇರಿದೆ. ವೈದ್ಯರ ಫಲಕದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಪದವಿಯ ಮುಂದೆ ಡಿ.ವಿ.ಎಲ್. ಅಥವಾ ಡಿ.ವಿ.ಡಿ. ಎಂದಿದ್ದರೆ ಅವರು ಇದಕ್ಕಾಗಿ ಕಲಿತವರು ಎಂದರ್ಥ. ಕೂದಲು ಕಸಿ, ಲೇಸರ್, ಮೈಬಣ್ಣದ ಚಿಕಿತ್ಸೆಗಳೇ ಮುಖ್ಯವಾದ ಕ್ಲಿನಿಕ್‌ಗಿಂತ ಸರ್ಕಾರಿ ವೈದ್ಯಕೀಯ ಕಾಲೇಜಿನ ಅಥವಾ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಇಂಥ ರೋಗಿಗಳನ್ನು ದಿನನಿತ್ಯ ನೋಡುವ ವೈದ್ಯರು ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಸರತಿ ಉದ್ದವಿರುತ್ತದೆ ನಿಜ, ಆದರೆ ನಿಮ್ಮ ರೋಗ ಅಲ್ಲಿನವರಿಗೆ ಹೊಸದಲ್ಲ.

ಸರತಿಯಲ್ಲಿ ನಿಂತು ಚೀಟಿ ಬರೆಸುವಾಗ ಎಲ್ಲರೆದುರು ತೊಂದರೆ ಹೇಳಲು ಸಂಕೋಚವಾಗುವವರಿಗೆ ‘ಸುರಕ್ಷಾ ಕ್ಲಿನಿಕ್’ ಎಂಬ ದಾರಿಯಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ, ಅಂದರೆ ನ್ಯಾಕೋದ, ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಈ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚಕರು ಇರುತ್ತಾರೆ, ಚಿಕಿತ್ಸೆ ಉಚಿತ. ಈ ಕಾರ್ಯಕ್ರಮದಲ್ಲಿ ಲಕ್ಷಣಗಳ ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಔಷಧಿ ಕಿಟ್ ರೂಪಿಸಲಾಗಿತ್ತು. ಹರ್ಪಿಸ್ ಹುಣ್ಣಿನದು ಕೆಂಪು ಬಣ್ಣದ 5ನೇ ಕಿಟ್, ಅದರಲ್ಲಿರುವುದು 400 ಮಿಲಿಗ್ರಾಂನ ಎಸೈಕ್ಲೋವಿರ್ ಮಾತ್ರೆ, ದಿನಕ್ಕೆ ಮೂರರಂತೆ 7 ದಿನಕ್ಕೆ. ಔಷಧಿಯಿಲ್ಲ ಎನ್ನುವ ಮಾತಿಗೆ ಸರ್ಕಾರದ ಈ ಕಿಟ್ಟೇ ಉತ್ತರ. ನಿಮ್ಮ ಊರಿಗೆ ಹತ್ತಿರದ ಕ್ಲಿನಿಕ್ ಎಲ್ಲಿದೆ ಎಂಬುದನ್ನು ನ್ಯಾಕೋದ ಉಚಿತ ಸಹಾಯವಾಣಿ 1097ಕ್ಕೆ ಕರೆಮಾಡಿ ಕೇಳಬಹುದು.

ಗುಳ್ಳೆ ಇರುವಾಗಲೇ ಹೋಗಿ

ಇಡೀ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಹಳಷ್ಟು ಜನರು ಸಂಕೋಚದಿಂದ ವಾರವಿಡೀ ಕಾದು, ಗುಳ್ಳೆ ಒಣಗಿದ ಮೇಲೆ ವೈದ್ಯರ ಬಳಿ ಹೋಗುತ್ತಾರೆ. ಅಲ್ಲಿ ನೋಡಲು ಏನೂ ಉಳಿದಿರುವುದಿಲ್ಲವಾದ್ದರಿಂದ ವೈದ್ಯರು ಶಿಲೀಂಧ್ರದ ಸೋಂಕು, ಅಲರ್ಜಿ, ಮೂತ್ರದ ಸೋಂಕು ಎಂದು ಊಹಿಸಿ ಏನೋ ಒಂದನ್ನು ಬರೆದುಕೊಡುತ್ತಾರೆ. ಕಡೆಗಣಿಸಲ್ಪಟ್ಟೆ ಎಂಬ ನೋವು ಅಲ್ಲಿಂದಲೇ ಶುರುವಾಗುತ್ತದೆ. ನೀರುಗುಳ್ಳೆ ಅಥವಾ ಹಸಿ ಹುಣ್ಣು ಇರುವಾಗ, ಸಾಧ್ಯವಾದರೆ ಮೊದಲ 48 ಗಂಟೆಗಳ ಒಳಗೆ, ಅದರ ಬುಡದಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಪಿಸಿಆರ್ ಪರೀಕ್ಷೆಗೆ ಕಳುಹಿಸಿದರೆ ಹರ್ಪಿಸ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆ ಎಂಬುದು ಅತ್ಯಂತ ಖಚಿತವಾಗಿ ತಿಳಿಯುತ್ತದೆ. ಹೆಕ್ಕಳೆ ಕಟ್ಟಿದ ಮೇಲೆ ತೆಗೆದ ಮಾದರಿಯಲ್ಲಿ ವೈರಾಣು ಸಿಗದೇ ಹೋಗಬಹುದು, ಹಾಗೆ ಬಂದ ‘ನೆಗೆಟಿವ್’ ವರದಿಯಿಂದ ಸೋಂಕಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಈ ಪಿಸಿಆರ್ ಎಲ್ಲ ಊರುಗಳಲ್ಲೂ ಇರುವುದಿಲ್ಲ. ದೊಡ್ಡ ನಗರಗಳ ಪ್ರಯೋಗಾಲಯಗಳಿಗೆ ಮಾದರಿ ಕಳುಹಿಸುವ ಸಂಗ್ರಹ ಕೇಂದ್ರಗಳು ಜಿಲ್ಲಾ ಕೇಂದ್ರಗಳಲ್ಲಿ ಇರುವುದರಿಂದ ಹೋಗುವ ಮುನ್ನ ಫೋನ್ ಮಾಡಿ ‘ಎಚ್‌ಎಸ್‌ವಿ ಪಿಸಿಆರ್, ಹುಣ್ಣಿನ ಸ್ವಾಬ್’ ಎಂದು ಸ್ಪಷ್ಟವಾಗಿ ಕೇಳಿ. ಅದು ಸಾಧ್ಯವಿಲ್ಲದಲ್ಲಿ ಕೆಲವು ಚರ್ಮರೋಗ ವಿಭಾಗಗಳಲ್ಲಿ ಹುಣ್ಣಿನ ತಳವನ್ನು ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಝ್ಯಾಂಕ್ ಪರೀಕ್ಷೆ ಮಾಡುತ್ತಾರೆ. ಅದು ಅಗ್ಗ, ಅಂದೇ ಫಲಿತಾಂಶ ಸಿಗುತ್ತದೆ, ಆದರೆ ಅದು ಸರ್ಪಸುತ್ತಿನ ವೈರಾಣುವಿಗೂ ಇದಕ್ಕೂ ಇರುವ ಭೇದವನ್ನು ತೋರಿಸಲಾರದು, ಸೋಂಕಿದ್ದರೂ ತಪ್ಪಿಸಿಕೊಳ್ಳಬಹುದು.

ಅದೇ ಭೇಟಿಯಲ್ಲಿ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಜನನಾಂಗದ ಹುಣ್ಣಿಗೆ ಸಿಫಿಲಿಸ್ ಕೂಡ ಕಾರಣವಾಗಬಹುದು, ಅದು ಪೂರ್ತಿ ವಾಸಿಯಾಗುವ ಕಾಯಿಲೆಯಾದ್ದರಿಂದ ತಪ್ಪಿಸಿಕೊಳ್ಳಬಾರದು. ಎಚ್‌ಎಸ್‌ವಿ-2 ಇದ್ದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು. ಐಸಿಟಿಸಿ ಎಂದು ಫಲಕವಿರುವ ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ ಮತ್ತು ಗೋಪ್ಯ.

ರಕ್ತಪರೀಕ್ಷೆಯ ವರದಿಯನ್ನು ಎಚ್ಚರದಿಂದ ಓದಿ

ನಮ್ಮ ಪ್ರಯೋಗಾಲಯಗಳಲ್ಲಿ ಅತಿ ಸುಲಭವಾಗಿ ಸಿಗುವುದು ರಕ್ತದ ಐಜಿಎಂ ಮತ್ತು ಐಜಿಜಿ ಪರೀಕ್ಷೆಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಎರಡು ಬಗೆಯ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳು, ಅದರಲ್ಲೂ ಬಸಿರಿಗೆ ತೊಂದರೆ ಮಾಡಬಲ್ಲ ಹಲವು ಸೋಂಕುಗಳನ್ನು ಒಟ್ಟಿಗೆ ನೋಡುವ ಟಾರ್ಚ್ ಹೆಸರಿನ ಗುಂಪು ಪರೀಕ್ಷೆ. ಗರ್ಭಿಣಿಯರಿಗೆ, ಗರ್ಭಪಾತವಾದವರಿಗೆ ಇದನ್ನು ವಾಡಿಕೆಯಂತೆ ಬರೆದುಕೊಡುವ ಪದ್ಧತಿ ನಮ್ಮಲ್ಲಿದೆ. ಅದರ ಹರ್ಪಿಸ್ ಸಾಲಿನಲ್ಲಿ ‘ಪಾಸಿಟಿವ್’ ಎಂದು ಕಂಡು ಗಂಡಹೆಂಡಿರ ನಡುವೆ ಅನುಮಾನ ಹುಟ್ಟಿದ ಮನೆಗಳೂ ಇವೆ. ಇದರ ಬಗ್ಗೆ ಬಿಡಿಸಿ ಹೇಳುವುದು ಅಗತ್ಯ.

ಐಜಿಎಂ ಪರೀಕ್ಷೆಯನ್ನು ಹರ್ಪಿಸ್ ಪತ್ತೆಗೆ ಬಳಸಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಅದು ಹಳೆಯ ಸೋಂಕು ಮರುಕಳಿಸಿದಾಗಲೂ ಬರುತ್ತದೆ, ಸೋಂಕಿನ ಬಗೆಯನ್ನೂ ಹೇಳುವುದಿಲ್ಲ. ಐಜಿಜಿ ಪರೀಕ್ಷೆಯಲ್ಲಿ ಬಗೆ 1 ಮತ್ತು ಬಗೆ 2 ಎಂದು ಪ್ರತ್ಯೇಕವಾಗಿ ನೋಡಿದರೆ ಮಾತ್ರ ಪ್ರಯೋಜನ. ಎರಡನ್ನೂ ಸೇರಿಸಿ ಒಂದೇ ಫಲಿತಾಂಶ ಕೊಡುವ ವರದಿಯಲ್ಲಿ ಬಾಲ್ಯದಲ್ಲಿ ತುಟಿಗೆ ಬಂದ ಜ್ವರದ ಗುಳ್ಳೆಯೂ ‘ಪಾಸಿಟಿವ್’ ಆಗಿ ಕಾಣುತ್ತದೆ. ವರದಿಯಲ್ಲಿ ಬಗೆ 2ರ ಎದುರು ಬರೆದಿರುವ ಸೂಚ್ಯಂಕ (ಇಂಡೆಕ್ಸ್) 1.1ರಿಂದ 3ರ ಒಳಗಿದ್ದರೆ ಅದು ಹುಸಿ ಪಾಸಿಟಿವ್ ಆಗಿರುವ ಸಾಧ್ಯತೆ ಗಣನೀಯವಾದ್ದರಿಂದ ಬೇರೆ ವಿಧಾನದ ಪರೀಕ್ಷೆಯಿಂದ ದೃಢಪಡಿಸದೆ ನಂಬಬಾರದು. ಹೊಸದಾಗಿ ತಗಲಿದ ಸೋಂಕಿನಲ್ಲಿ ಐಜಿಜಿ ಮೂಡಲು 12 ವಾರಗಳವರೆಗೂ ಹಿಡಿಯಬಹುದು, ಆದ್ದರಿಂದ ಮೊದಲ ವಾರದ ನೆಗೆಟಿವ್ ವರದಿಯೂ ಕೊನೆಯ ಮಾತಲ್ಲ. ಈ ಯಾವ ಪರೀಕ್ಷೆಯೂ ಸೋಂಕು ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳಲಾರದು. ಸೋಂಕು ತಗಲಿ ವರ್ಷಗಳಾದ ನಂತರ ಮೊದಲ ಗುಳ್ಳೆ ಏಳಬಹುದು, ಹೀಗಾಗಿ ಮದುವೆಯಾಗಿ ಹತ್ತು ವರ್ಷದ ಮೇಲೆ ಕಾಣಿಸಿಕೊಂಡ ಹರ್ಪಿಸ್ ಯಾರ ನಡತೆಗೂ ಸಾಕ್ಷಿಯಲ್ಲ. ವೈದ್ಯರು ಈ ಮಾತನ್ನು ದಂಪತಿಗೆ ತಾವಾಗಿಯೇ ಹೇಳಬೇಕು. ಹೇಳದಿದ್ದರೆ ‘ದಯವಿಟ್ಟು ನನ್ನ ಸಂಗಾತಿಗೆ ನೀವೇ ಇದನ್ನು ವಿವರಿಸಿ’ ಎಂದು ಕೇಳಿಕೊಳ್ಳಿ.

ಹೋಗುವ ಮುನ್ನ ಅರ್ಧ ಹಾಳೆ ಬರೆದಿಟ್ಟುಕೊಳ್ಳಿ

ಬಾಯಲ್ಲಿ ಹೇಳಲು ನಾಚಿಕೆಯಾಗುವುದನ್ನು ಹಾಳೆ ಹೇಳುತ್ತದೆ. ಅರ್ಧ ಹಾಳೆಗಿಂತ ಹೆಚ್ಚು ಬೇಡ, ಸರತಿಯಲ್ಲಿ ಹತ್ತಾರು ಜನ ಕಾದಿರುವಾಗ ಎರಡು ಪುಟದ ಕಥನವನ್ನು ಯಾರೂ ಓದುವುದಿಲ್ಲ. ಮೊದಲ ಸಲ ಯಾವಾಗ ಬಂತು, ಆಮೇಲೆ ಯಾವ ತಿಂಗಳುಗಳಲ್ಲಿ ಬಂತು, ಪ್ರತಿಸಲ ಎಷ್ಟು ದಿನ ಇತ್ತು, ಎಲ್ಲಿ ಬಂತು, ಗುಳ್ಳೆ ಏಳುವ ಮುನ್ನ ಏನಾಗುತ್ತದೆ ಎಂಬುದನ್ನು ಬರೆಯಿರಿ. ಕೊನೆಯದು ಬಹಳ ಮುಖ್ಯ. ಅನೇಕರಿಗೆ ಗುಳ್ಳೆ ಕಾಣುವ ಕೆಲವು ಗಂಟೆಗಳಿಂದ ಒಂದೆರಡು ದಿನಗಳ ಮೊದಲೇ ಆ ಜಾಗದಲ್ಲಿ ಉರಿ, ಚುಮುಚುಮು, ತುರಿಕೆ, ತೊಡೆಯ ಹಿಂಭಾಗಕ್ಕೋ ಪೃಷ್ಠಕ್ಕೋ ಸೆಳೆಯುವ ನೋವು ಬರುತ್ತದೆ. ಈ ಮುನ್ಸೂಚನೆಯನ್ನು ವಿವರಿಸಿದಾಗ ಅನುಭವವುಳ್ಳ ವೈದ್ಯರಿಗೆ ರೋಗದ ಗುರುತು ಸಿಗುತ್ತದೆ. ಇಲ್ಲಿಯವರೆಗೆ ಬಳಸಿದ ಎಲ್ಲ ಮಾತ್ರೆ, ಮುಲಾಮುಗಳ ಹೆಸರು, ಬೇರೆ ಕಾಯಿಲೆಗಳು, ವಿಶೇಷವಾಗಿ ಮೂತ್ರಪಿಂಡದ ತೊಂದರೆ, ಗರ್ಭಿಣಿಯೇ ಅಥವಾ ಗರ್ಭ ಧರಿಸುವ ಯೋಚನೆಯಿದೆಯೇ ಎಂಬುದನ್ನೂ ಸೇರಿಸಿ. ಕೊನೆಯಲ್ಲಿ ಮೂರೇ ಮೂರು ಪ್ರಶ್ನೆಗಳು: ಇದು ಹರ್ಪಿಸ್ ಎಂದು ಪರೀಕ್ಷೆಯಿಂದ ಖಚಿತಪಡಿಸಬಹುದೇ, ಮುಂದಿನ ಸಲ ಮುನ್ಸೂಚನೆ ಬಂದ ತಕ್ಷಣ ನುಂಗಲು ಮಾತ್ರೆಯ ಚೀಟಿ ಕೊಡುವಿರಾ, ಪ್ರತಿದಿನ ತೆಗೆದುಕೊಳ್ಳುವ ತಡೆಚಿಕಿತ್ಸೆ ನನಗೆ ಬೇಕೇ?

ಗುಳ್ಳೆಯ ಫೋಟೊ ತೆಗೆದಿಟ್ಟುಕೊಂಡರೆ ಅದು ಒಣಗಿದ ಮೇಲೂ ತೋರಿಸಬಹುದು. ಆದರೆ ಮನೆಮಂದಿ ಹಂಚಿಕೊಂಡು ಬಳಸುವ ಫೋನಿನಲ್ಲಿ, ಫೋಟೊಗಳು ತಾನೇ ತಾನಾಗಿ ಬೇರೆಡೆ ಪ್ರತಿಯಾಗುವ ವ್ಯವಸ್ಥೆಯಿರುವ ಫೋನಿನಲ್ಲಿ ಇದನ್ನು ಮಾಡಬೇಡಿ. ಲಾಕ್ ಮಾಡಿದ ಫೋಲ್ಡರ್ ಇದ್ದರೆ ಅದರಲ್ಲಿಟ್ಟು, ಭೇಟಿಯಾದ ಮೇಲೆ ಅಳಿಸಿಹಾಕಿ.

ವೈದ್ಯರ ಎದುರು ಕುಳಿತಾಗ

ಕೊಠಡಿಯಲ್ಲಿ ಬೇರೆ ರೋಗಿಗಳು ನಿಂತಿರುವುದು ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯ. ‘ಡಾಕ್ಟರೇ, ಇದು ಖಾಸಗಿ ತೊಂದರೆ, ಎರಡು ನಿಮಿಷ ಬೇರೆಯವರನ್ನು ಹೊರಗೆ ನಿಲ್ಲಿಸಬಹುದೇ’ ಎಂದು ಮೊದಲ ಮಾತಾಗಿಯೇ ಕೇಳಿ. ಹಾಗೆ ಕೇಳುವುದು ಅಧಿಕಪ್ರಸಂಗವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಗೋಪ್ಯತೆ, ಎರಡನೆಯ ಅಭಿಪ್ರಾಯ ಪಡೆಯುವುದು, ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರುವುದು, ಇವೆಲ್ಲವೂ ಹಕ್ಕುಗಳಾಗಿ ಸೇರಿವೆ. ಅತ್ತೆಯೋ ಅಣ್ಣನೋ ಜೊತೆಗೆ ಬಂದಿದ್ದು, ಅವರ ಮುಂದೆ ಹೇಳಲಾಗದಿದ್ದರೆ ಹಾಳೆಯ ಮೇಲ್ಭಾಗದಲ್ಲೇ ‘ದಯವಿಟ್ಟು ನನ್ನೊಂದಿಗೆ ಮಾತ್ರ ಮಾತನಾಡಿ’ ಎಂದು ಬರೆದು ಕೊಡಬಹುದು.

ಮದುವೆಯಾಗಿದೆಯೇ, ಎಷ್ಟು ಜನರೊಂದಿಗೆ ಸಂಪರ್ಕವಿತ್ತು ಎಂಬ ಪ್ರಶ್ನೆಗಳು ಎರಡು ಬಗೆಯಲ್ಲಿ ಬರುತ್ತವೆ. ಚಿಕಿತ್ಸೆಗೆ ಬೇಕಾಗಿ ಕೇಳಿದರೆ ಮುಚ್ಚಿಡದೆ ಉತ್ತರಿಸಿ, ಯಾವ ಪರೀಕ್ಷೆಗಳು ಬೇಕು ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಹಂಗಿಸುವ ದನಿಯಲ್ಲಿ ಬಂದರೆ ವಾದಕ್ಕಿಳಿಯದೆ ‘ಚಿಕಿತ್ಸೆಗೆ ಬೇಕಾದ ಮಾಹಿತಿಯನ್ನೆಲ್ಲ ಬರೆದು ತಂದಿದ್ದೇನೆ, ಈಗ ಹುಣ್ಣನ್ನು ಪರೀಕ್ಷಿಸಿ’ ಎಂದು ಹಾಳೆಯನ್ನು ಮುಂದಿಡಿ. ಔಷಧಿಯಿಲ್ಲ ಎಂದರೆ, ‘ಸಂಪೂರ್ಣ ವಾಸಿಯಾಗುವುದಿಲ್ಲ ಎಂಬುದು ಗೊತ್ತಿದೆ ಡಾಕ್ಟರೇ, ಮರುಕಳಿಸುವುದನ್ನು ಕಡಿಮೆ ಮಾಡುವ ಎಸೈಕ್ಲೋವಿರ್ ಬಗ್ಗೆ ಕೇಳುತ್ತಿದ್ದೇನೆ’ ಎಂದು ಹೆಸರು ಹಿಡಿದೇ ಹೇಳಿ. ಮುಟ್ಟಿ ನೋಡದೆ, ಕಣ್ಣಿಂದಲೂ ನೋಡದೆ ಚೀಟಿ ಬರೆಯಲು ಹೊರಟರೆ, ‘ನೋಡದೆ ಬರೆದರೆ ನನಗೆ ಸಮಾಧಾನವಾಗದು, ದಯವಿಟ್ಟು ಒಮ್ಮೆ ಪರೀಕ್ಷಿಸಿ’ ಎನ್ನುವುದರಲ್ಲಿ ತಪ್ಪಿಲ್ಲ. ಪರೀಕ್ಷೆ ಬೇಡವೆಂದು ವೈದ್ಯರು ಹೇಳಿದರೆ, ಏಕೆ ಬೇಡ ಎಂಬುದನ್ನು ಅದೇ ಚೀಟಿಯಲ್ಲಿ ಬರೆದುಕೊಡುವಂತೆ ವಿನಯದಿಂದ ಕೇಳಿ. ಬರೆಯಬೇಕಾಗಿ ಬಂದಾಗ ಎಷ್ಟೋ ವೈದ್ಯರು ಇನ್ನೊಮ್ಮೆ ಯೋಚಿಸುತ್ತಾರೆ. ಇಷ್ಟಾದರೂ ಕಿವಿಗೊಡದಿದ್ದರೆ ಅಲ್ಲಿ ಇನ್ನಷ್ಟು ಸಮಯ ಕಳೆಯಬೇಡಿ, ಗುಳ್ಳೆ ಒಣಗುವುದರೊಳಗೆ ಇನ್ನೊಬ್ಬ ವೈದ್ಯರನ್ನು ಕಾಣಿರಿ.

ಮಾತ್ರೆಗಳ ಬಗ್ಗೆ ಕೇಳಬೇಕಾದದ್ದು

ಎಸೈಕ್ಲೋವಿರ್, ವಾಲಾಸೈಕ್ಲೋವಿರ್, ಫ್ಯಾಮ್‌ಸಿಕ್ಲೋವಿರ್ ಎಂಬ ಮೂರು ಔಷಧಿಗಳು ಬಳಕೆಯಲ್ಲಿವೆ. ಎಸೈಕ್ಲೋವಿರ್ ಹುಟ್ಟಿದ ಪ್ರಯೋಗಾಲಯದ ತಂಡವನ್ನು ನಡೆಸಿದ ಗರ್ಟ್ರೂಡ್ ಎಲಿಯನ್ ಅವರಿಗೆ, ಔಷಧಿಗಳನ್ನು ರೂಪಿಸುವ ಹೊಸ ಮಾರ್ಗಕ್ಕಾಗಿ, 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಎಸೈಕ್ಲೋವಿರ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಮುಂದೆ ಬರೆದಿರುವ ಪ್ರಮಾಣಗಳು ವೈದ್ಯರೊಂದಿಗೆ ಮಾತನಾಡಲು, ತಾವಾಗಿಯೇ ಅಂಗಡಿಯಿಂದ ತಂದು ನುಂಗಲು ಅಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ.

ಮೊದಲ ಸಲ ಬಂದಾಗ ಜ್ವರ, ಮೈಕೈ ನೋವು, ತೊಡೆಸಂದಿನ ಗಂಟುಗಳ ಊತದೊಂದಿಗೆ ತೀವ್ರವಾಗಿಯೇ ಇರಬಹುದು. ಆಗ ಸಾಮಾನ್ಯವಾಗಿ ಎಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ, 7ರಿಂದ 10 ದಿನ ಕೊಡುತ್ತಾರೆ. ಮರುಕಳಿಸಿದಾಗ ಅವಧಿ ಚಿಕ್ಕದು, 2ರಿಂದ 5 ದಿನ. ಆದರೆ ಮಾತ್ರೆಯನ್ನು ಮುನ್ಸೂಚನೆ ಬಂದಾಗಲೇ ಅಥವಾ ಗುಳ್ಳೆ ಎದ್ದ ಒಂದು ದಿನದೊಳಗೆ ಶುರುಮಾಡಬೇಕು, ತಡವಾದಷ್ಟೂ ಪ್ರಯೋಜನ ಕಡಿಮೆ. ರಾತ್ರಿ ಹನ್ನೊಂದಕ್ಕೆ ಉರಿ ಶುರುವಾದರೆ ಬೆಳಗ್ಗೆ ಆಸ್ಪತ್ರೆಯ ಸರತಿಯಲ್ಲಿ ನಿಂತು ಚೀಟಿ ಪಡೆದು ಮಾತ್ರೆ ತರುವಷ್ಟರಲ್ಲಿ ಆ ಅವಕಾಶ ಕಳೆದುಹೋಗಿರುತ್ತದೆ. ಅದಕ್ಕಾಗಿಯೇ ಮುಂಚಿತ ಚೀಟಿ ಕೇಳಿ ಎಂದು ಒತ್ತಿ ಹೇಳಿದ್ದು. ಒಂದು ಸುತ್ತಿಗೆ ಬೇಕಾದ ಮಾತ್ರೆಗಳು ಮನೆಯಲ್ಲಿ ಯಾವಾಗಲೂ ಇರಲಿ.

ವರ್ಷದಲ್ಲಿ ಹಲವು ಸಲ ಬರುತ್ತಿದ್ದರೆ, ಅಥವಾ ಬರುವುದು ಕಡಿಮೆಯಿದ್ದರೂ ಮುಂದಿನ ಸಲದ ಭಯದಲ್ಲೇ ಬದುಕು ನಡೆಯುತ್ತಿದ್ದರೆ, ಪ್ರತಿದಿನದ ತಡೆಚಿಕಿತ್ಸೆಯ ಬಗ್ಗೆ ಕೇಳಿ. ಎಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಅಥವಾ ವಾಲಾಸೈಕ್ಲೋವಿರ್ 500 ಮಿಲಿಗ್ರಾಂ ದಿನಕ್ಕೊಂದು ಎಂಬುದು ರೂಢಿಯಲ್ಲಿರುವ ಕ್ರಮ. ಪದೇ ಪದೇ ಬರುವವರಲ್ಲಿ ಇದರಿಂದ ಮರುಕಳಿಸುವಿಕೆ ಶೇ 70ರಿಂದ 80ರಷ್ಟು ಇಳಿಯುತ್ತದೆ. ದಂಪತಿಯಲ್ಲಿ ಒಬ್ಬರಿಗೆ ಮಾತ್ರ ಎಚ್‌ಎಸ್‌ವಿ-2 ಇದ್ದಾಗ, ಅವರು ದಿನವೂ ವಾಲಾಸೈಕ್ಲೋವಿರ್ ತೆಗೆದುಕೊಂಡರೆ ಇನ್ನೊಬ್ಬರಿಗೆ ಹರಡುವುದು ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ ಎಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ಚಿಕಿತ್ಸೆಯನ್ನು ವರ್ಷಕ್ಕೊಮ್ಮೆ ವೈದ್ಯರೊಂದಿಗೆ ಮರುಪರಿಶೀಲಿಸಬೇಕು, ಏಕೆಂದರೆ ಕಾಲ ಕಳೆದಂತೆ ಹೆಚ್ಚಿನವರಲ್ಲಿ ಸೋಂಕು ತಾನಾಗಿಯೇ ಶಾಂತವಾಗುತ್ತ ಹೋಗುತ್ತದೆ.

ಎಸೈಕ್ಲೋವಿರ್ ಮುಲಾಮು ಮಾತ್ರ ಬರೆದುಕೊಟ್ಟರೆ ಮಾತ್ರೆಯ ಬಗ್ಗೆ ಕೇಳಿ, ಜನನಾಂಗದ ಹರ್ಪಿಸ್‌ನಲ್ಲಿ ಮುಲಾಮಿನ ಪ್ರಯೋಜನ ಅತ್ಯಲ್ಪ. ಇನ್ನು ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ ಒಂದು ಕ್ರೀಮ್ ಕೊಡಿ’ ಎಂದಾಗ ಕೈಗೆ ಸಿಗುವ ಟ್ಯೂಬುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆಸಿದವು. ಬೀಟಾಮೆಥಸೋನ್, ಕ್ಲೊಬೆಟಸಾಲ್ ಎಂಬ ಹೆಸರು ಅದರ ಮೇಲಿದ್ದರೆ ಹರ್ಪಿಸ್ ಹುಣ್ಣಿನ ಮೇಲೆ ಹಚ್ಚಬೇಡಿ, ಅದು ಚರ್ಮದ ಪ್ರತಿರೋಧವನ್ನು ತಗ್ಗಿಸಿ ಸೋಂಕನ್ನು ಹೆಚ್ಚಿಸುತ್ತದೆ.

ಮನೆಯಲ್ಲಿ

ಹುಣ್ಣನ್ನು ಬರೀ ನೀರಿನಿಂದ ತೊಳೆದು ಮೆತ್ತಗೆ ಒತ್ತಿ ಒಣಗಿಸಿ. ಉಗುರುಬೆಚ್ಚಗಿನ ಉಪ್ಪುನೀರಿನ ಟಬ್ಬಿನಲ್ಲಿ ಸ್ವಲ್ಪ ಹೊತ್ತು ಕೂರುವುದು ಹಿತ ಕೊಡುತ್ತದೆ. ಮೂತ್ರ ಮಾಡುವಾಗ ಉರಿಯಾದರೆ ಚೊಂಬಿನಿಂದ ನೀರು ಸುರಿದುಕೊಳ್ಳುತ್ತ ಮಾಡಿ, ಉರಿಯ ಭಯಕ್ಕೆ ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ಸಡಿಲವಾದ ಹತ್ತಿಯ ಒಳಉಡುಪು, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೆಟಾಲ್, ಸುಣ್ಣ, ಅರಿಶಿನದ ಲೇಪ, ಬೇವಿನ ಎಲೆ ಅರೆದು ಹಚ್ಚುವುದು ಇವೆಲ್ಲ ಹಸಿ ಹುಣ್ಣನ್ನು ಕೆರಳಿಸುತ್ತವೆ. ಹುಣ್ಣು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣು ಮುಟ್ಟಬೇಡಿ. ತಟ್ಟೆ, ಲೋಟ, ಶೌಚಾಲಯದಿಂದ ಮನೆಮಂದಿಗೆ ಜನನಾಂಗದ ಹರ್ಪಿಸ್ ಹರಡುತ್ತದೆಂಬ ಭಯ ಬೇಡ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಮೂತ್ರ ಕಟ್ಟಿಕೊಂಡು ಹೊರಬಾರದಿದ್ದರೆ, ಜ್ವರದೊಂದಿಗೆ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಗೊಂದಲ ಅಥವಾ ಫಿಟ್ಸ್ ಬಂದರೆ, ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು ಕಂಡುಬಂದರೆ ತುರ್ತು ವಿಭಾಗಕ್ಕೆ ಹೋಗಿ. ಕಣ್ಣಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಹಾಕಿದರೆ ದೃಷ್ಟಿಗೇ ಅಪಾಯವಿದೆ. ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿಯಾದವರಲ್ಲಿ ಹುಣ್ಣು ಹರಡುತ್ತಿದ್ದರೆ ಕಾಯಬಾರದು. ನವಜಾತ ಶಿಶುವಿನ ಮೈಮೇಲೆ ನೀರುಗುಳ್ಳೆ ಎದ್ದರೆ, ಜ್ವರ ಬಂದರೆ, ಮಗು ಹಾಲು ಕುಡಿಯದೆ ಮಂಕಾದರೆ ಒಂದು ಗಂಟೆಯೂ ತಡ ಸಲ್ಲದು. ತುಟಿಯ ಮೇಲೆ ಜ್ವರದ ಗುಳ್ಳೆ ಇರುವವರು ಎಷ್ಟೇ ಹತ್ತಿರದ ನೆಂಟರಾದರೂ ಹಸುಗೂಸಿಗೆ ಮುತ್ತಿಡಲು ಬಿಡಬೇಡಿ.

ಸಂಗಾತಿ, ಮದುವೆ, ಬಸಿರು

ಮುನ್ಸೂಚನೆ ಶುರುವಾದಾಗಿನಿಂದ ಹುಣ್ಣು ಪೂರ್ತಿ ಮಾಯುವವರೆಗೆ ಲೈಂಗಿಕ ಸಂಪರ್ಕ ಬೇಡ, ಬಾಯಿಯ ಸಂಪರ್ಕವೂ ಬೇಡ. ಉಳಿದ ದಿನಗಳಲ್ಲಿ ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಮುಚ್ಚದ ಚರ್ಮದಿಂದಲೂ, ಗುಳ್ಳೆಯಿಲ್ಲದ ದಿನಗಳಲ್ಲೂ ವೈರಾಣು ಹೊರಬರಬಹುದಾದ್ದರಿಂದ ಪೂರ್ತಿ ತಪ್ಪಿಸುವುದಿಲ್ಲ. ಈ ಕಾರಣಕ್ಕೇ ಸಂಗಾತಿಗೆ ಹೇಳುವುದು ಬೇಕಾಗುತ್ತದೆ. ಮದುವೆ ನಿಶ್ಚಯವಾಗುವ ಹಂತದಲ್ಲಿರುವವರು ಇದನ್ನು ಎರಡು ಮನೆಯ ಹಿರಿಯರ ಪಂಚಾಯಿತಿಗೆ ತರಬೇಕಿಲ್ಲ, ಆದರೆ ಬಾಳುವ ಇಬ್ಬರ ನಡುವೆ ಮದುವೆಗೆ ಮುಂಚೆಯೇ ಈ ಮಾತು ಆಗಲೇಬೇಕೆಂಬುದು ನನ್ನ ದೃಢವಾದ ನಿಲುವು. ಹೇಳುವುದು ಹೇಗೆಂದು ತಿಳಿಯದಿದ್ದರೆ, ಸುರಕ್ಷಾ ಕ್ಲಿನಿಕ್‌ನ ಆಪ್ತಸಮಾಲೋಚಕರ ಎದುರು ಇಬ್ಬರೂ ಒಟ್ಟಿಗೆ ಕುಳಿತು ಮಾತನಾಡಬಹುದು.

ಗರ್ಭಿಣಿಯರು ಹೆರಿಗೆ ವೈದ್ಯರಿಗೆ ತಮ್ಮ ಅಥವಾ ಗಂಡನ ಹರ್ಪಿಸ್ ವಿಷಯವನ್ನು ಮೊದಲ ತಪಾಸಣೆಯಲ್ಲೇ ಹೇಳಬೇಕು. ಮೊದಲಿನಿಂದಲೂ ಸೋಂಕಿದ್ದು ಆಗಾಗ ಮರುಕಳಿಸುವ ತಾಯಿಯಿಂದ ಮಗುವಿಗೆ ತಗಲುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗಲಿದರೆ ಅದು ಶೇ 30ರಿಂದ 50ರವರೆಗೂ ಏರುತ್ತದೆ. ಹಾಗಾಗಿ ಗಂಡನಿಗೆ ಹರ್ಪಿಸ್ ಇದ್ದು ಹೆಂಡತಿಗೆ ಇಲ್ಲದಿದ್ದರೆ ಆ ಕೊನೆಯ ಮೂರು ತಿಂಗಳು ಸಂಪರ್ಕವನ್ನು ತಪ್ಪಿಸುವುದು ಕ್ಷೇಮ. ಸೋಂಕಿರುವ ಗರ್ಭಿಣಿಗೆ 36ನೇ ವಾರದಿಂದ ಎಸೈಕ್ಲೋವಿರ್ ಕೊಡುವ ಕ್ರಮವಿದೆ, ಹೆರಿಗೆ ನೋವು ಶುರುವಾದಾಗ ಹುಣ್ಣು ಅಥವಾ ಮುನ್ಸೂಚನೆ ಇದ್ದರೆ ಸಿಸೇರಿಯನ್ ಮಾಡುತ್ತಾರೆ, ಇಲ್ಲದಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ಈ ಮಾತುಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಏಕೆಂದರೆ ತವರಿನಲ್ಲಿ ಹೆರಿಗೆಯಾಗುವಾಗ ಅಲ್ಲಿನ ವೈದ್ಯರಿಗೆ ನಿಮ್ಮ ಹಿಂದಿನ ವಿವರ ಗೊತ್ತಿರುವುದಿಲ್ಲ.

ದಾಖಲೆ, ದೂರು, ಮನಸ್ಸು

ಪ್ರತಿ ಚೀಟಿ, ಪ್ರತಿ ವರದಿಯನ್ನು ಜೋಪಾನವಾಗಿಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳಂತೆ, ರೋಗಿ ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು, ರೋಗಿಯ ಗುಟ್ಟನ್ನು ವೈದ್ಯರು ಬಯಲು ಮಾಡಬಾರದು. ನಿಮ್ಮ ಒಪ್ಪಿಗೆಯಿಲ್ಲದೆ ಮನೆಯವರಿಗೆ ರೋಗದ ವಿಷಯ ತಿಳಿಸಿದರೆ, ಪರೀಕ್ಷಿಸಲು ನಿರಾಕರಿಸಿ ಅವಮಾನಿಸಿದರೆ, ದಿನಾಂಕ ಮತ್ತು ಆಡಿದ ಮಾತುಗಳನ್ನು ಅಂದೇ ಬರೆದಿಟ್ಟುಕೊಂಡು ಮೊದಲು ಆಸ್ಪತ್ರೆಯ ಅಧೀಕ್ಷಕರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವೂ ಇದೆ. ದೂರು ಕೊಡುವ ಶಕ್ತಿ ಎಲ್ಲರಿಗೂ ಎಲ್ಲ ಕಾಲದಲ್ಲೂ ಇರುವುದಿಲ್ಲ, ಕೊಡದಿದ್ದರೆ ನೀವು ಸೋತಂತಲ್ಲ. ಮೊದಲು ನಿಮ್ಮ ಚಿಕಿತ್ಸೆ ಸರಿಹೋಗಲಿ.

ರೋಗ ಖಚಿತವಾದ ಮೊದಲ ತಿಂಗಳುಗಳಲ್ಲಿ ನಿದ್ದೆ ಕೆಡುವುದು, ಪದೇ ಪದೇ ಕನ್ನಡಿ ಹಿಡಿದು ನೋಡಿಕೊಳ್ಳುವುದು, ಇನ್ನು ಯಾರೂ ನನ್ನನ್ನು ಮುಟ್ಟಲಾರರು ಎನಿಸುವುದು ಅಪರೂಪವೇನಲ್ಲ. ಇದನ್ನೂ ರೋಗದ ಭಾಗವೆಂದೇ ಪರಿಗಣಿಸಿ ನೆರವು ಪಡೆಯಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡಿದಾಗ ರೋಗದ ಹೆಸರಿನಿಂದಲೇ ಶುರುಮಾಡಬೇಕೆಂದಿಲ್ಲ, ‘ನಿದ್ದೆ ಬರುತ್ತಿಲ್ಲ, ಒಂದು ಕಾಯಿಲೆಯ ಚಿಂತೆ ಬಿಡುತ್ತಿಲ್ಲ’ ಎಂದರೆ ಸಾಕು, ಉಳಿದದ್ದನ್ನು ನಿಮಗೆ ಧೈರ್ಯ ಬಂದಾಗ ಹೇಳಬಹುದು.